ಅತ್ತೆ ಹಾಡಿದರೆ ಸದ್ದು ಕಟ್

ಒಂದೊಂದು ಮನೆಗೆ ಒಂದೊಂದು ಚಾಳಿ. ಕೆಲವರ ಮನೆಯಲ್ಲಿ ದಿನಾ ಹಾಲು ಉಕ್ಕುತ್ತದೆ, ಕೆಲವರ ಮನೆಯಲ್ಲಿ ಬೀಗದ ಕೈ ಕಳೆಯುತ್ತದೆ. ನಮ್ಮ ಮನೆಯಲ್ಲಿ ಸದ್ದು ಕಟ್ಟಾಗುತ್ತಿತ್ತು. ಒಂದು ಸಲ ಸರಿಮಾಡಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಇನ್ನೊಂದು ಕಾರಣಕ್ಕೆ ಮತ್ತೆ ಕಟ್ಟಾಗುತ್ತಿತ್ತು.

ನಾವಿದ್ದದ್ದು ಫರೀದಾಬಾದಿನ ಒಂದು ಸೆಕ್ಟರಿನಲ್ಲಿ, ಬಾಡಿಗೆಗೆ, ಮೊದಲ ಮಹಡಿಯಲ್ಲಿ. ನಮ್ಮವರು ಅಲ್ಲೇ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ನಾನು ದಿಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅಸಿಸ್ಟೆಂಟು. ಮಗಳು ಒಂಬತ್ತನೇ ಕ್ಲಾಸು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ. ಹೀಗಿದ್ದ ಮನೆಗೆ ಮೈಸೂರಿನಿಂದ ನಮ್ಮ ಅತ್ತೆ ಬಂದರು. ನಲವತ್ತು ವರ್ಷ ಸಂಗೀತದ ಪಾಠ ಹೇಳಿದವರು. ಬಂದ ದಿನವೇ ಕರಾರು ಹಾಕಿದರು.

“ಪಾಠ ನಡೆದರೆ ಇರ್ತೀನಿ. ಪಾಠ ನಿಂತರೆ ಮೈಸೂರಿಗೆ ಟಿಕೆಟ್ ತೆಗೀರಿ.”

ಅವರ ಶಿಷ್ಯರು ಊರೂರಿನಲ್ಲಿದ್ದರು. ಒಬ್ಬಳು ಮಸ್ಕತ್ತಿನಲ್ಲಿ, ಒಬ್ಬಳು ಸಿಡ್ನಿಯಲ್ಲಿ, ಇನ್ನಿಬ್ಬರು ಇನ್ನೆಲ್ಲೋ. ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿ, ಕಂಪ್ಯೂಟರಿಗೆ ಮೈಕು, ಕ್ಯಾಮೆರಾ ಸಿಕ್ಕಿಸಿ, ಇಂಟರ್‌ನೆಟ್ಟಿನಲ್ಲೇ ಪಾಠ ಶುರುಮಾಡಿದೆವು. ಅತ್ತೆಯದು ಇನ್ನೊಂದು ನಿಯಮವಿತ್ತು: ಪ್ರತಿ ಪಾಠವೂ ರೆಕಾರ್ಡ್ ಆಗಬೇಕು, ಶಿಷ್ಯರು ಅದನ್ನು ವಾರವಿಡೀ ಕೇಳಿ ಕೇಳಿ ಕಲಿಯಬೇಕು. ರೆಕಾರ್ಡಿಂಗ್ ಕೆಲಸ ನನ್ನ ತಲೆಗೆ ಬಂತು.

“ನನಗೆ ಅದೆಲ್ಲ ಬರೋದಿಲ್ಲ ಅತ್ತೆ,” ಅಂದೆ.

“ಯಾಕೆ ಬರಲ್ಲ? ದಿನಾ ಆಫೀಸಲ್ಲಿ ಕಂಪ್ಯೂಟರ್ ಮುಂದೇ ಕೂತಿರ್ತೀಯಲ್ಲ?”

ಆಫೀಸಿನಲ್ಲಿ ನಾನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದದ್ದು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಟೈಪು ಮಾಡುವುದು, ಅಷ್ಟೆ. ಆದರೂ ಒಪ್ಪಿಕೊಂಡೆ. ಅತ್ತೆ ಬಂದ ಮೇಲೆ ನಾನು ಮನೆ ಸೇರುವ ಹೊತ್ತಿಗೆ ದೇವರ ಮುಂದೆ ದೀಪ ಹಚ್ಚಿರುತ್ತಿತ್ತು, ಮಗಳ ಬಾಯಿಂದ ನಾಲ್ಕು ಕನ್ನಡ ಮಾತು ಬರತೊಡಗಿತ್ತು, ನನಗೂ ಮಾತಿಗೊಂದು ಜೀವ ಸಿಕ್ಕಿತ್ತು. ಮೈಸೂರಿನ ಟಿಕೆಟ್ ತೆಗೆಯುವ ಮನಸ್ಸು ನನಗಿರಲಿಲ್ಲ.

೧. ಫ್ಯಾನಾದ ಷಡ್ಜ

ಮೊದಲ ವಾರವೇ ಸಿಡ್ನಿಯ ಹುಡುಗಿ ದೂರು ಕೊಟ್ಟಳು. “ಟೀಚರ್, ನೀವು ‘ಸಾ’ ಅಂತ ಶುರುಮಾಡ್ತೀರ, ಆಮೇಲೆ ಕಾಣೆಯಾಗಿಬಿಡ್ತೀರ.”

ರೆಕಾರ್ಡಿಂಗ್ ಹಾಕಿ ಕೇಳಿದೆ. ನಿಜ. ಅತ್ತೆ “ಸಾ” ಎಂದು ಹಿಡಿಯುತ್ತಾರೆ. ಎರಡು ಸೆಕೆಂಡಿಗೆ ಸದ್ದು ತೆಳ್ಳಗಾಗಿ, ಬಾವಿಗೆ ಬಿದ್ದ ಹಾಗೆ ಇಳಿದು, ಇಲ್ಲವಾಗುತ್ತದೆ. ಸ್ವಲ್ಪ ಹೊತ್ತು ಬರೀ ಮೌನ. ಆಮೇಲೆ ಇದ್ದಕ್ಕಿದ್ದಂತೆ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ, “ಕೇಳಿಸ್ತೇನೇ?” ಅವರ ಕೆಮ್ಮು ಬಂದಿತ್ತು, ಬೈಗುಳ ಬಂದಿತ್ತು, ನಡುವೆ ನನ್ನನ್ನು ಕೂಗಿ “ಒಲೆ ಮೇಲೆ ಬೇಳೆ ಇದೆ ನೋಡು” ಎಂದದ್ದೂ ಬಂದಿತ್ತು. ಸಂಗೀತವೊಂದೇ ಬಂದಿರಲಿಲ್ಲ.

ಮೈಕು ಬದಲಾಯಿಸಿದೆ, ವೈರು ಬದಲಾಯಿಸಿದೆ. ಕಡೆಗೆ ಸೆಕ್ಟರಿನ ಮಾರ್ಕೆಟ್ಟಿನಿಂದ ಕಂಪ್ಯೂಟರ್ ರಿಪೇರಿಯ ಭಯ್ಯಾನನ್ನು ಕರೆಸಿದೆ. ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಡಾಕ್ಟರ ಹಾಗೆ ಚರ್ಮದ ಚೀಲ ಹಿಡಿದು ಬಂದ. ಅತ್ತೆಗೆ “ಹಾಡಿ ಮಾತಾಜಿ” ಎಂದ, ಕೇಳಿದ, ತಲೆಯಾಡಿಸಿದ. ಆಮೇಲೆ ಹಿಂದಿಯಲ್ಲಿ ವಿವರಿಸಿದ.

“ಈ ಪ್ರೋಗ್ರಾಮ್ ಮಾಡಿರೋದು ಮಾತಾಡೋದಕ್ಕೆ. ಒಂದೇ ಸಮನೆ ಬರೋ ಸದ್ದು ಫ್ಯಾನಿನದೋ ಕೂಲರಿನದೋ ಅಂತ ತಿಳ್ಕೊಂಡು ಅದೇ ಅಳಿಸಿಹಾಕುತ್ತೆ. ಮಾತಾಜಿ ಸ್ವರ ಸ್ವಲ್ಪಾನೂ ಅಲ್ಲಾಡಲ್ಲ. ಅದಕ್ಕೆ ಫ್ಯಾನ್ ಅಂದ್ಕೊಂಡಿದೆ.”

ನಾನು ಇದನ್ನು ಹೆದರುತ್ತ ಹೆದರುತ್ತ ಕನ್ನಡದಲ್ಲಿ ಅತ್ತೆಗೆ ಹೇಳಿದೆ. ಅವರ ಮುಖ ಮೊದಲು ಕೆಂಪಾಯಿತು. “ಐವತ್ತು ವರ್ಷ ಸಾಧಕ ಮಾಡಿದ್ದಕ್ಕೆ ಕಡೆಗೆ ನನ್ನ ಷಡ್ಜ ಫ್ಯಾನಾಯ್ತಾ?” ಎಂದರು. ಆಮೇಲೆ ಏನೋ ಲೆಕ್ಕ ಹಾಕಿದರು. “ಅಂದ್ರೆ, ಅಲ್ಲಾಡಿದ್ರೆ ಅಳಿಸ್ತಿರಲಿಲ್ಲ?”

“ಇಲ್ಲ ಅತ್ತೆ.”

ಅತ್ತೆ ಮಗನನ್ನು ಕೂಗಿದರು. ನಮ್ಮವರು ಗಡ್ಡ ಹೆರೆಯುತ್ತಿದ್ದವರು ಅರ್ಧ ಕೆನ್ನೆ ಸೋಪಿನಲ್ಲೇ ಬಂದರು. “ಬಾರೋ ಇಲ್ಲಿ, ಈ ಮೈಕಿನ ಮುಂದೆ ‘ಸಾ’ ಅನ್ನು.” ಅವರು ಅಂದರು. ಹದಿನೈದು ಸೆಕೆಂಡು. ಮೊದಲಿನಿಂದ ಕೊನೆಯವರೆಗೂ ಒಂದು ಚೂರೂ ಕಟ್ಟಾಗದೆ, ಅಷ್ಟೂ ರೆಕಾರ್ಡ್ ಆಗಿತ್ತು.

“ನೋಡಿದ್ಯಾ,” ಅತ್ತೆ ತೃಪ್ತಿಯಿಂದ ಹೇಳಿದರು, “ಯಂತ್ರಕ್ಕೂ ಗೊತ್ತು, ಇವನದು ಶ್ರುತಿ ಅಲ್ಲ ಅಂತ.”

ಭಯ್ಯಾ ಪ್ರೋಗ್ರಾಮಿನ ಸೆಟಿಂಗಿನಲ್ಲಿ ಒಂದು ಟಿಕ್ ಗುರುತು ತೆಗೆದದ್ದಕ್ಕೆ ಎಲ್ಲ ಸರಿಹೋಯಿತು. ಆದರೆ ಇನ್ನೊಂದು ವಾರ ಪಾಠವಿಲ್ಲದ ಹೊತ್ತಿನಲ್ಲಿ ಆ ಗುರುತನ್ನು ಮತ್ತೆ ಹಾಕಿಡು ಎಂದರು ಅತ್ತೆ. ಆ ವಾರ ಹೊಸದಾಗಿ ಪಾಠಕ್ಕೆ ಸೇರಲು ಬಂದ ಇಬ್ಬರನ್ನು ಆ ಮೈಕಿನ ಮುಂದೆ ಕೂರಿಸಿ “ಸಾ” ಹೇಳಿಸಿದರು. ಯಾರ ದನಿ ಅಳಿಸಿಹೋಯಿತೋ ಅವರು ಪಾಸು.

೨. ನೀರಿನ ರಾಗ

ಎರಡನೆಯ ಕಾಟ ಹೆಚ್ಚು ಗೂಢವಾಗಿತ್ತು. ಪಾಠದ ನಡುವೆ ನೆಟ್ ಒಂದು ನಿಮಿಷ ಸತ್ತು ಮತ್ತೆ ಹುಟ್ಟುತ್ತಿತ್ತು. ಯಾವ ದಿನ ಸಾಯುತ್ತದೆ, ಯಾವ ದಿನ ಬದುಕುತ್ತದೆ ಗೊತ್ತಾಗುತ್ತಿರಲಿಲ್ಲ.

ನಾನು ಸರ್ಕಾರಿ ನೌಕರಳು. ತಿಳಿಯದ ವಿಷಯ ಬಂದರೆ ನಮಗೆ ಗೊತ್ತಿರುವುದು ಒಂದೇ ದಾರಿ: ಫೈಲ್ ತೆರೆಯುವುದು. ತೆರೆದೆ. ವಾರ, ವೇಳೆ, ಶಿಷ್ಯೆ, ರಾಗ, ಎಷ್ಟು ಹೊತ್ತು ಸದ್ದಿಲ್ಲ – ಐದು ಕಾಲಂ. ಮೂರು ವಾರ ಬರೆದೆ. ಬರೆದು ನೋಡಿದರೆ ಮೈ ಜುಂ ಅಂದಿತು. ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಏಳಕ್ಕೆ ಮಾತ್ರ ಕಟ್ಟಾಗುತ್ತಿತ್ತು. ಆ ಮೂರೂ ದಿನ ಅತ್ತೆ ಹೇಳಿಕೊಡುತ್ತಿದ್ದದ್ದು ಕಲ್ಯಾಣಿ ರಾಗ. ಮಿಕ್ಕ ದಿನ ಮೋಹನ. ಮೋಹನಕ್ಕೆ ಏನೂ ಆಗಿರಲಿಲ್ಲ.

ಅತ್ತೆಗೆ ಫೈಲ್ ತೋರಿಸಿದೆ. ಕನ್ನಡಕ ಏರಿಸಿ ಓದಿದರು. “ನನಗೆ ಆಗಲೇ ಅನ್ನಿಸಿತ್ತು,” ಎಂದರು. “ಕಲ್ಯಾಣಿ ಸಂಜೆ ರಾಗ. ಬೆಳಿಗ್ಗೆ ಏಳಕ್ಕೆ ಹಾಡಿದ್ರೆ ಅದಕ್ಕಾದ್ರೂ ಸಿಟ್ಟು ಬರೋದಿಲ್ವಾ?”

“ಅಮ್ಮ, ಮೋಡೆಮ್ಮಿಗೆ ರಾಗ ಹೇಗೆ ಗೊತ್ತಾಗುತ್ತೆ?” ಎಂದರು ನಮ್ಮವರು.

“ನಿನಗೆ ಗೊತ್ತಾಗಲ್ಲ ಅಂತ ಯಾರಿಗೂ ಗೊತ್ತಾಗಬಾರದಾ?”

ಮುಂದಿನ ಸೋಮವಾರದಿಂದ ಕಲ್ಯಾಣಿ ಬಂದ್. ಅದರ ಜಾಗಕ್ಕೆ ಬಿಲಹರಿ. ಏನಾಶ್ಚರ್ಯ, ಸೋಮವಾರ ಕಟ್ಟಾಗಲಿಲ್ಲ. ಬುಧವಾರವೂ ಆಗಲಿಲ್ಲ. ಅತ್ತೆ ಮಗನ ಕಡೆ ನೋಡಿ ಬಿಲಹರಿಯನ್ನೇ ಇನ್ನೊಂದು ಸಲ ಗುನುಗಿದರು. ನಾನು ಫೈಲಿನಲ್ಲಿ ‘ಪ್ರಕರಣ ಮುಕ್ತಾಯ’ ಎಂದು ಬರೆದೆ.

ಶುಕ್ರವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಆಂಟಿ, ಅಂದರೆ ಮನೆಯ ಒಡತಿ, ಪಂಜಾಬಿ, ಗಟ್ಟಿಗಿತ್ತಿ. ಅಂಥವರು ಅವತ್ತು ಅತ್ತೆಯ ಮುಂದೆ ಎರಡೂ ಕೈ ಜೋಡಿಸಿ ನಿಂತಿದ್ದರು.

“ಮಾತಾಜಿ, ಆ ನೀರಿನ ಹಾಡು ಯಾಕೆ ನಿಲ್ಲಿಸಿಬಿಟ್ಟಿರಿ?”

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಆಂಟಿ ಹೇಳಿದ್ದು ಇಷ್ಟು: ಎರಡು ತಿಂಗಳಿಂದ ಅವರು ಗಮನಿಸಿದ್ದಾರೆ. ಮಾತಾಜಿ ಮೇಲೆ ಆ ಹಾಡು ಶುರುಮಾಡಿದರೆ ಕೆಳಗೆ ನಲ್ಲಿಯಲ್ಲಿ ನೀರು ಬರುತ್ತದೆ. ಒಂದು ದಿನವೂ ತಪ್ಪಿಲ್ಲ. ಈ ಸೋಮವಾರದಿಂದ ಮಾತಾಜಿ ಬೇರೆ ಏನೋ ಹಾಡುತ್ತಿದ್ದಾರೆ, ನಲ್ಲಿಯಲ್ಲಿ ಗಾಳಿ ಬಿಟ್ಟರೆ ಏನೂ ಬರುತ್ತಿಲ್ಲ. “ಆ ಹಾಡು ಕೇಳಿಸಿದ ಕೂಡಲೇ ನಾನು ಓಡಿಹೋಗಿ ಮೋಟಾರ್ ಹಾಕ್ತಿದ್ದೆ. ಈಗ ಯಾವಾಗ ಹಾಕಲಿ?”

ಮೋಟಾರ್! ನಮ್ಮವರೂ ನಾನೂ ಒಟ್ಟಿಗೇ ಮೋಡೆಮ್ ಕಡೆ ತಿರುಗಿದೆವು. ನೀರು ಬರುತ್ತಿದ್ದದ್ದು ಆ ಮೂರು ದಿನ ಏಳು ಗಂಟೆಗೆ. ಆಂಟಿ ಮೋಟಾರ್ ಹಾಕಿದ ಕೂಡಲೇ ವೋಲ್ಟೇಜು ಕುಸಿದು ನಮ್ಮ ಮೋಡೆಮ್ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಈ ವಾರ ರಸ್ತೆ ಅಗೆಯುವವರು ನೀರಿನ ಪೈಪು ಒಡೆದಿದ್ದರು. ನೀರಿಲ್ಲ, ಮೋಟಾರಿಲ್ಲ, ನೆಟ್ಟಿಗೆ ತೊಂದರೆಯಿಲ್ಲ.

ಮೋಡೆಮ್ಮಿನ ವೈರನ್ನು ಯುಪಿಎಸ್‌ಗೆ ಸಿಕ್ಕಿಸಿದೆವು, ನಮ್ಮ ಸಮಸ್ಯೆ ಮುಗಿಯಿತು. ಆಂಟಿಯ ಸಮಸ್ಯೆಗೆ ಅತ್ತೆ ಪಾಪ ಅಂದುಕೊಂಡು ಮರುದಿನವೇ ಒಂದು ಕಲ್ಯಾಣಿ ಹಾಡಿದರು. ಮಧ್ಯಾಹ್ನ ಪೈಪು ರಿಪೇರಿಯಾಗಿ ನೀರು ಬಂತು. ಇನ್ನು ಆಂಟಿಗೆ ಪೈಪಿನ ವಿಚಾರ ಹೇಳಿ ಪ್ರಯೋಜನವಿರಲಿಲ್ಲ. ಆಮೇಲೆ ಸೋಮ, ಬುಧ, ಶುಕ್ರ, ಏಳಕ್ಕೆ ಎರಡು ನಿಮಿಷ ತಡವಾದರೂ ಕೆಳಗಿನಿಂದ ಕೂಗು ಕೇಳಿಸುತ್ತಿತ್ತು:

“ಮಾತಾಜಿ, ಶುರು ಕರೋ! ಟಂಕಿ ಖಾಲಿ ಹೈ!”

೩. ಮಸ್ಕತ್ತಿನ ಕುಕ್ಕರ್

ಮಸ್ಕತ್ತಿನ ಶಿಷ್ಯೆ ಹಲ್ಲಿನ ಡಾಕ್ಟರು. ಒಳ್ಳೆಯ ಕಂಠ, ಸಿಕ್ಕಾಪಟ್ಟೆ ಸೋಮಾರಿ. ಅವಳ ಪಾಠದಲ್ಲಿ ಒಂದು ವಿಚಿತ್ರವಿತ್ತು. ಅತ್ತೆ ಹಾಡುವಾಗ ಎಲ್ಲ ಚೆನ್ನಾಗಿ ಕೇಳಿಸುತ್ತಿತ್ತು. ಇಬ್ಬರೂ ಹರಟುವಾಗಲೂ ಕೇಳಿಸುತ್ತಿತ್ತು. “ಎಲ್ಲಿ, ಹೋದ ವಾರದ್ದು ಒಬ್ಬಳೇ ಹಾಡು ನೋಡೋಣ” ಎಂದ ಕೂಡಲೇ ತೊಂದರೆ ಶುರು.

“ಟೀ... ಚರ್... ಕಟ್... ಆಗ್ತಾ... ಕೇಳಿ... ತಿಲ್ಲ...”

ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹೊಸ ವೈರು, ಹೊಸ ಹೆಡ್‌ಫೋನು. ಭಯ್ಯಾ ಎರಡು ಸಲ ಬಂದುಹೋದ. “ಮೇಡಂ, ದೋಷ ಆ ಕಡೆ ಇದೆ,” ಎಂದು ಸಮುದ್ರದ ದಿಕ್ಕಿಗೆ ಕೈ ತೋರಿಸಿದ. ಅತ್ತೆಗೆ ಹುಡುಗಿಯ ಮೇಲೆ ಮರುಕ. “ಪಾಪ, ಹಾಡಬೇಕು ಅಂತ ಬಾಯಿ ತೆಗೀತಾಳೆ, ಆಗಲೇ ಕೈ ಕೊಡುತ್ತೆ.”

ಒಂದು ಭಾನುವಾರ ಅವಳ ಪಾಠದ ರೆಕಾರ್ಡಿಂಗ್ ಕತ್ತರಿಸಿ ಸರಿಮಾಡಲು ಕೂತಿದ್ದೆ. ಮಗಳು ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. “ಟೀ... ಚರ್... ಕಟ್...” ಎಂದು ಬಂತು. ಮಗಳು ತಲೆ ಎತ್ತಿದಳು.

“ಮಮ್ಮಿ, ಫಿರ್ ಸೇ ಲಗಾವೋ.”

ಮತ್ತೆ ಹಾಕಿದೆ.

“ಮಮ್ಮಿ, ಮಸ್ಕತ್ ಆಂಟಿಯ ವಾಯ್ಸ್ ಕಟ್ ಆಗ್ತಿದೆ. ಆದ್ರೆ ಹಿಂದೆ ಕುಕ್ಕರ್ ಕೂಗ್ತಿದೆಯಲ್ಲ, ವೋ ತೊ ಕಟ್ ಹೀ ನಹೀಂ ಹೋ ರಹಾ!”

ಕಿವಿಗೊಟ್ಟೆ. ಹೌದು. ಡಾಕ್ಟರಮ್ಮನ ಮಾತು ಮೂರು ತುಂಡು. ಹಿಂದೆ ಕುಕ್ಕರಿನ ಸೀಟಿ ಮಾತ್ರ ಉದ್ದಕ್ಕೆ, ಪೂರ್ತಿಗೆ, ತೃಪ್ತಿಯಾಗುವಷ್ಟು. ಅವಳು ಬಾಯಲ್ಲೇ ತುಂಡುಮಾಡಿ ಮಾತಾಡುತ್ತಿದ್ದಳು!

ಅತ್ತೆಗೆ ಕೇಳಿಸಿದೆ. ಸಿಟ್ಟಾಗುತ್ತಾರೆ ಅಂದುಕೊಂಡೆ, ಆಗಲಿಲ್ಲ. ಕಣ್ಣಲ್ಲಿ ಒಂದು ತುಂಟತನ ಬಂತು. ಮುಂದಿನ ಪಾಠಕ್ಕೆ ನನ್ನನ್ನೂ ಮಗಳನ್ನೂ ಪಕ್ಕದಲ್ಲೇ ಕೂರಿಸಿಕೊಂಡರು.

“ಹೋದ ವಾರದ್ದು ಹಾಡಮ್ಮ,” ಎಂದರು.

“ಟೀ... ಚರ್... ನೆಟ್... ಕೇ... ಇಲ್ಲ...”

“ಅಯ್ಯೋ, ಇವತ್ತೂ ಕೇಳಿಸ್ತಿಲ್ವಾ?” ಅತ್ತೆ ನನ್ನ ಕಡೆ ತಿರುಗಿ, ದನಿ ಏರಿಸದೆ, ಹಿತವಾಗಿ ಹೇಳಿದರು. “ಹೋಗಲಿ ಬಿಡು. ಅವಳ ಅತ್ತೆ ನಿನ್ನೆ ನನಗೆ ಫೋನ್ ಮಾಡಿ ಅವಳ ಬಗ್ಗೆ ಏನೇನೋ ಹೇಳಿದ್ರು. ಅದನ್ನ ಹೇಳೋಣ ಅಂತಿದ್ದೆ. ಕೇಳಿಸೋದೇ ಇಲ್ಲ ಅಂದಮೇಲೆ—”

“ಏನು ಹೇಳಿದ್ರು ಟೀಚರ್?” ಸದ್ದು ಎಷ್ಟು ಸ್ಪಷ್ಟವಾಗಿ ಬಂತೆಂದರೆ ರೆಕಾರ್ಡಿಂಗಿನಲ್ಲಿ ಸದ್ದು ತೋರಿಸುವ ಗೆರೆ ಕೆಂಪಿಗೇರಿತು.

೪. ಮುಖರ್ಜಿ ನಗರದ ಹುಡುಗ

ಒಬ್ಬ ಶಿಷ್ಯ ಮಾತ್ರ ದಿಲ್ಲಿಯಲ್ಲೇ ಇದ್ದ. ಮುಖರ್ಜಿ ನಗರದಲ್ಲಿ ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಧಾರವಾಡದ ಹುಡುಗ. ಹಾಸ್ಟೆಲ್ಲಿನ ಪಕ್ಕದ ಸೈಬರ್ ಕೆಫೆಯಿಂದ ಪಾಠ ಹೇಳಿಸಿಕೊಳ್ಳುತ್ತಿದ್ದ. ಅವನ ಸದ್ದು ಪ್ರತಿ ಸಾಲಿನ ಮುಕ್ಕಾಲಿಗೆ ಬಂದು ನಿಂತುಬಿಡುತ್ತಿತ್ತು. ಅರೆ ಕ್ಷಣ ಬಿಟ್ಟು ಮತ್ತೆ ಬರುತ್ತಿತ್ತು. ಯಾವ ಹಾಡೇ ಆಗಲಿ, ಸರಿಯಾಗಿ ಮುಕ್ಕಾಲಿಗೆ.

ಈ ಸಲವೂ ಬಾಯಿಂದ ಕಟ್ ಮಾಡುತ್ತಿದ್ದಾನೇನೋ ಎಂದು ಅನುಮಾನಪಟ್ಟೆವು. ಆದರೆ ಹುಡುಗ ಪ್ರಾಮಾಣಿಕ. ಕೆಫೆಯ ಐದೂ ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಕೂತು ಹಾಡಿ ತೋರಿಸಿದ. ಐದರಲ್ಲೂ ಮುಕ್ಕಾಲಿಗೆ ಕಟ್. ಅವನು ಕೆಫೆ ಬದಲಾಯಿಸಿದ, ನಾನು ಸೆಟಿಂಗ್ ಬದಲಾಯಿಸಿದೆ, ಭಯ್ಯಾ ಸೌಂಡ್ ಕಾರ್ಡು ಬದಲಾಯಿಸಿದ. ಆಮೇಲೂ ಮುಕ್ಕಾಲಿಗೆ ಕಟ್.

ಕಡೆಗೆ ಅತ್ತೆ, “ಆ ಕಾಟವೇ ಬೇಡ, ಒಂದು ಭಾನುವಾರ ಮನೆಗೇ ಬಾರಪ್ಪ. ಊಟ ಮಾಡ್ಕೊಂಡು ಹೋಗುವೆಯಂತೆ,” ಎಂದರು. ಮೆಟ್ರೋ ಹತ್ತಿ, ಎರಡು ಬಸ್ಸು ಬದಲಾಯಿಸಿ, ಎರಡೂವರೆ ಗಂಟೆ ಪ್ರಯಾಣ ಮಾಡಿ ಬಂದು ಸೇರಿದ. ಬೆವರು ಒರೆಸಿಕೊಂಡು ಅತ್ತೆಯ ಎದುರು ಚಾಪೆಯ ಮೇಲೆ ಕೂತ. ನಡುವೆ ಮೈಕಿಲ್ಲ, ವೈರಿಲ್ಲ, ನೆಟ್ಟಿಲ್ಲ. ಕಣ್ಣು ಮುಚ್ಚಿ ಶುರುಮಾಡಿದ.

ಮುಕ್ಕಾಲಿಗೆ ಬಂದು ನಿಂತ. ಬಾಯಿ ತೆರೆದು ಉಸಿರು ಎಳೆದುಕೊಂಡ. ಮಿಕ್ಕ ಕಾಲು ಹಾಡಿದ.

ಅತ್ತೆ ನನ್ನ ಕಡೆ ತಿರುಗಿದರು. “ಈಗ ಹೇಳಮ್ಮ, ಇವನ ಯಾವ ವೈರ್ ಬದಲಾಯಿಸ್ತೀಯ?”

೫. ಒಂದೂ ಕಟ್ಟಿಲ್ಲದ ರೆಕಾರ್ಡಿಂಗ್

ಅತ್ತೆಗೆ ಎಪ್ಪತ್ತು ತುಂಬಿತು. ಶಿಷ್ಯರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡಲೇಬೇಕು ಎಂದು ಹಟ ಹಿಡಿದರು. ದಿಲ್ಲಿಯ ಹೌಜ್ ಖಾಸಿನಲ್ಲಿ ನಮಗೆ ಪರಿಚಯದ ಹೋಟೆಲಿನವರಿದ್ದರು, ಉಡುಪಿಯ ಕಡೆಯವರು. ಮಹಡಿಯ ಮೇಲಿನ ಹಾಲನ್ನು ಬಿಟ್ಟುಕೊಟ್ಟರು. “ನೀವು ಎಂತದೂ ಚಿಂತೆ ಮಾಡ್ಬೇಡಿ ಮಾರಾಯ್ರೆ. ಹಾಡುವುದು ಅಮ್ಮನದು, ತಿಂಡಿ ನಮ್ಮದು,” ಎಂದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ನಿಶ್ಚಯವಾಯಿತು. ಮಸ್ಕತ್ತಿನವಳೂ ಸಿಡ್ನಿಯವಳೂ ಇಂಟರ್‌ನೆಟ್ಟಿನಿಂದ, ಧಾರವಾಡದ ಹುಡುಗ ಎದುರಿಗೇ, ಕಡೆಗೆ ಅತ್ತೆ ಒಂದೂವರೆ ಗಂಟೆ ಹಾಡುವುದು.

ಮುಖ್ಯ ಅತಿಥಿ ಯಾರು? ನಮ್ಮವರು ಸುಮ್ಮನಿರಲಾರದೆ, “ನಿಮ್ಮ ಆಫೀಸಿನ ಸಾಹೇಬರನ್ನ ಕರೀಬಹುದಲ್ಲ,” ಎಂದರು. ನಮ್ಮ ಸಾಹೇಬರು ಲಕ್ನೋ ಕಡೆಯವರು, ಬಲು ಶಿಸ್ತಿನ ಮನುಷ್ಯ. ನನ್ನ ವರ್ಷದ ಗೋಪ್ಯ ವರದಿ ಬರೆಯುತ್ತಿದ್ದವರು ಅವರೇ; ಆ ವರ್ಷ ನನ್ನ ಪ್ರಮೋಷನ್ ಅದರ ಮೇಲೇ ನಿಂತಿತ್ತು. ಹೆದರುತ್ತಲೇ ಕರೆದೆ. “ಶಾಸ್ತ್ರೀಯ ಸಂಗೀತ ಅಂದ್ರೆ ನನಗೆ ಪ್ರಾಣ,” ಎಂದರು, ಒಪ್ಪಿದರು.

ಅವತ್ತು ನೆಟ್ಟನ್ನು ನಂಬದೆ, ಕಂಪ್ಯೂಟರನ್ನೂ ನಂಬದೆ, ರೆಕಾರ್ಡಿಂಗಿಗೆಂದೇ ಒಂದು ಪುಟ್ಟ ಯಂತ್ರ ತಂದಿದ್ದೆ. ಎಲ್ಲಿಡುವುದು? ಭಯ್ಯಾ ಮೊದಲೇ ಹೇಳಿದ್ದ: “ಸ್ಪೀಕರಿನಿಂದ ದೂರ, ಕೇಳೋರ ಹತ್ತಿರ, ಅಲ್ಲಾಡದ ಜಾಗ.” ಮೊದಲ ಸಾಲಿನ ನಡುವೆ, ಮುಖ್ಯ ಅತಿಥಿಯ ಸೋಫಾದ ಪಕ್ಕ ಒಂದು ಟೀಪಾಯಿ ಇತ್ತು. ಹೂದಾನಿಯ ಮರೆಯಲ್ಲಿ ಇಟ್ಟೆ. ಪ್ರಶಸ್ತವಾದ ಜಾಗ.

ಸಾಹೇಬರು ಹತ್ತೂವರೆಗೇ ಬಂದರು. ಹೋಟೆಲಿನವರು ಅವರಿಗೆ ಮೊದಲು ಇಡ್ಲಿ, ಆಮೇಲೆ ತುಪ್ಪದ ಮಸಾಲೆದೋಸೆ, ಆಮೇಲೆ ಗೋಳಿಬಜೆ, ಆಮೇಲೆ “ಇದೊಂದು ತಿನ್ಲೇಬೇಕು ಸಾರ್” ಎಂದು ಬಿಸಿ ಹಲ್ವ, ಅದರ ಮೇಲೆ ಫಿಲ್ಟರ್ ಕಾಫಿ ಕೊಟ್ಟರು. ಆಮೇಲೆ ಸೋಫಾದಲ್ಲಿ ಕೂರಿಸಿದರು.

ಕಾರ್ಯಕ್ರಮ ಹೇಗೆ ನಡೆಯಿತು ಅನ್ನುತ್ತೀರಿ! ಸಿಡ್ನಿಯಿಂದ ಒಂದಕ್ಷರ ತಪ್ಪಲಿಲ್ಲ. ಮಸ್ಕತ್ತಿನವಳು ಒಬ್ಬಳೇ, ಪೂರ್ತಿ, ಹೆದರಿಕೆಯಿಲ್ಲದೆ ಹಾಡಿದಳು. ಧಾರವಾಡದ ಹುಡುಗ ಸಾಲಿನ ಕೊನೆಯವರೆಗೂ ಒಂದೇ ಉಸಿರಿಗೆ ಹೋದಾಗ ನಾನೇ ಎದ್ದು ಚಪ್ಪಾಳೆ ತಟ್ಟಿದೆ. ಆಮೇಲೆ ಅತ್ತೆ. ಏನು ಹಾಡಿದರು! ನಾನು ಹಿಂದೆ ಸ್ಪೀಕರಿನ ಪಕ್ಕ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಕಡೆಯಲ್ಲಿ ಸಾಹೇಬರು, ನಾವು ಹೊದಿಸಿದ ಶಾಲು ಸರಿಮಾಡಿಕೊಂಡು, ಎದ್ದು ಮಾತಾಡಿದರು. “ನಾನು ಇವತ್ತು ಕಣ್ಣು ಮುಚ್ಚಿಕೊಂಡು ಕೇಳಿದೆ. ಬೇರೊಂದು ಲೋಕಕ್ಕೆ ಹೋಗಿಬಿಟ್ಟಿದ್ದೆ.” ಜನ ಚಪ್ಪಾಳೆ ತಟ್ಟಿದರು. ಹೊರಡುವಾಗ ನನ್ನನ್ನು ಕರೆದು, “ಮೇಡಂ, ರೆಕಾರ್ಡ್ ಮಾಡಿದ್ದೀರಲ್ಲ? ನನಗೊಂದು ಸಿಡಿ ಬೇಕು. ಮನೆಯವರಿಗೆ ಕೇಳಿಸಬೇಕು,” ಎಂದರು.

ಸಂಜೆ ಮನೆಗೆ ಬಂದು ಎಲ್ಲರೂ ಸುತ್ತ ಕೂತು ರೆಕಾರ್ಡಿಂಗ್ ಹಾಕಿದೆವು. ಅತ್ತೆಯ ಆಲಾಪನೆ ಶುರುವಾಯಿತು. ಮೂರು ನಿಮಿಷ ಆಗಿರಬೇಕು. ಮಗಳು ಕತ್ತು ಓರೆಮಾಡಿದಳು.

“ಅಜ್ಜಿ, ಇದು ಯಾವ ಇನ್‌ಸ್ಟ್ರುಮೆಂಟ್?”

ಘೊರ್ ಎಂದು ಎಲ್ಲೋ ಪಾತಾಳದಿಂದ ಎದ್ದು, ಮೇಲೆ ಬಂದು, ಒಂದು ಸೀಟಿಯಾಗಿ ಮುಗಿಯುತ್ತಿತ್ತು. ಮತ್ತೆ ಪಾತಾಳಕ್ಕೆ. ಯಂತ್ರ ಸಾಹೇಬರ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅತ್ತೆ ಹದಿನೈದು ಅಡಿ ದೂರದಲ್ಲಿದ್ದರು. ಹಾಗಾಗಿ ಮುಖ್ಯ ಕಛೇರಿ ಸಾಹೇಬರದಾಗಿ, ಅತ್ತೆ ಹಿಂದಿನಿಂದ ಸಣ್ಣಗೆ ಪಕ್ಕವಾದ್ಯ ನುಡಿಸಿದ ಹಾಗಿತ್ತು. ಮತ್ತೆ, ನಮ್ಮ ಜನ್ಮದಲ್ಲಿ ಮೊದಲ ಬಾರಿಗೆ, ಒಂದೂವರೆ ಗಂಟೆಯಲ್ಲಿ ಒಂದೇ ಒಂದು ಕಡೆಯೂ ಸದ್ದು ಕಟ್ಟಾಗಿರಲಿಲ್ಲ.

ನಮ್ಮವರು ನೆಲದ ಮೇಲೆ ಮಲಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಗಳು ದಿಂಬಿನಲ್ಲಿ ಮುಖ ಹುದುಗಿಸಿದ್ದಳು. ನನಗೆ ಪ್ರಮೋಷನ್ ನೆನಪಾಗಿ ಅಳು ಬರುತ್ತಿತ್ತು. ಅತ್ತೆಯೊಬ್ಬರೇ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಗಮನವಿಟ್ಟು ಕೇಳುತ್ತಿದ್ದರು.

“ಮಂದ್ರ ಪಂಚಮ,” ಎಂದರು ಕೊನೆಗೆ. “ಒಂದೂವರೆ ಗಂಟೆ. ಒಂದು ಕಡೆಯೂ ಜಾರಲಿಲ್ಲ. ಅವರನ್ನ ಪಾಠಕ್ಕೆ ಸೇರ್ಕೊಳ್ಳೋದಕ್ಕೆ ಹೇಳು.”

ಆದರೆ ಸಿಡಿ ಕೊಡಲೇಬೇಕು. ಹಾಗೇ ಕೊಟ್ಟರೆ ಗೋಪ್ಯ ವರದಿಯ ಗತಿ ಏನು? ಒಂದೇ ದಾರಿಯಿತ್ತು: ಗೊರಕೆ ಬಂದಲ್ಲೆಲ್ಲ ಸದ್ದು ಕತ್ತರಿಸುವುದು. ಸಾಹೇಬರ ಹತ್ತಿರ ಹೋಗಿ ‘ಮನೆಯಲ್ಲಿ ಅಗತ್ಯ ಕೆಲಸವಿದೆ’ ಎಂದು ಬರೆದುಕೊಟ್ಟು, ಅವರ ಗೊರಕೆ ಕತ್ತರಿಸಲು ಅವರಿಂದಲೇ ಒಂದು ದಿನದ ರಜೆ ಮಂಜೂರು ಮಾಡಿಸಿಕೊಂಡೆ. ಬೆಳಗಿನಿಂದ ಸಂಜೆಯವರೆಗೆ ಕೂತು ಒಂದೊಂದೇ ಹುಡುಕಿ ಹುಡುಕಿ ಅಳಿಸಿದೆ. ಎರಡು ವರ್ಷ ಸದ್ದು ಕಟ್ಟಾಗದಿರಲಿ ಎಂದು ಹೆಣಗಿದವಳು, ಕಟ್ಟೇ ಆಗದ ಒಂದೇ ಒಂದು ರೆಕಾರ್ಡಿಂಗಿಗೆ ಕೈಯಾರೆ ಇನ್ನೂರು ಕಟ್ಟು ಹಾಕಿದೆ.

ಸಿಡಿ ಕೊಟ್ಟ ಮೂರನೆಯ ದಿನ ಸಾಹೇಬರು ಕರೆದರು. ಮುಖ ಗಂಟಿಕ್ಕಿತ್ತು.

“ಮೇಡಂ, ಇದೇನು ರೆಕಾರ್ಡಿಂಗ್? ಎರಡು ಸಾಲು ಹಾಡು, ಸದ್ದು ಕಟ್. ಎರಡು ಸಾಲು ಹಾಡು, ಸದ್ದು ಕಟ್. ಅಲ್ಲಿ ನಾನೇ ಕೂತಿದ್ದೆನಲ್ಲ? ಒಂದು ಸಣ್ಣ ಗಲಾಟೆಯೂ ಇರಲಿಲ್ಲ!”

“ಕ್ಷಮಿಸಿ ಸಾರ್. ತಾಂತ್ರಿಕ ದೋಷ.”

“ತಾಂತ್ರಿಕ ದೋಷ ಅಲ್ಲ, ಕಲಿತಿಲ್ಲದ ದೋಷ. ನಿಮ್ಮ ಹೆಸರನ್ನ ಐದು ದಿನದ ಕಂಪ್ಯೂಟರ್ ಟ್ರೈನಿಂಗಿಗೆ ಕಳಿಸಿದ್ದೀನಿ.” ಕಾಗದ ನನ್ನ ಮುಂದೆ ಇಟ್ಟರು. ನಾನು ತಲೆ ತಗ್ಗಿಸಿ ತೆಗೆದುಕೊಂಡೆ. ಸದ್ಯ, ಇಷ್ಟಕ್ಕೇ ಮುಗಿಯಿತು ಎಂದು ಬಾಗಿಲವರೆಗೆ ಹೋಗಿದ್ದೆ.

“ಇನ್ನೊಂದು ವಿಷಯ,” ಎಂದರು. ದನಿ ಮೆತ್ತಗಾಗಿತ್ತು. “ಕಡೆಯ ಹಾಡಿನಲ್ಲಿ ಒಂದೇ ಒಂದು ಸಲ ಯಾವುದೋ ವಾದ್ಯ ಬರುತ್ತಲ್ಲ, ತುಂಬ ಗಂಭೀರವಾದ್ದು, ಕೊನೆಯಲ್ಲಿ ಸ್ವಲ್ಪ ಕೊಳಲಿನ ಹಾಗೆ? ನಮ್ಮ ಮನೆಯವರು ಅದನ್ನೇ ನಾಲ್ಕು ಸಲ ಹಾಕಿಸಿಕೊಂಡು ಕೇಳಿದರು. ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಾರೆ, ಏನು ಅಂತ ಕೇಳಿದ್ರೆ ಹೇಳೋದಿಲ್ಲ. ಯಾರು ನುಡಿಸಿದ್ದು ಅದು?”

ಅಷ್ಟು ಹುಡುಕಿ ಅಳಿಸಿದರೂ ಗೊರಕೆ ಒಂದು ಉಳಿದುಬಿಟ್ಟಿತ್ತು!

“ಅದು... ದಿಲ್ಲಿಯವರೇ ಸಾರ್. ದೊಡ್ಡವರು. ಹೆಸರು ಬೇಡ ಅಂದರು.”

“ಅಚ್ಛಾ! ಅಂಥ ಕಲಾವಿದರನ್ನ ಸುಮ್ಮನೆ ಕಳಿಸಬಾರದು ಮೇಡಂ. ಮುಂದಿನ ಸಲ ವೇದಿಕೆಗೆ ಕರೆದು ಒಂದು ಶಾಲು ಹೊದಿಸಿ.”

“ಹೊದಿಸಿದೆವು ಸಾರ್,” ಎಂದೆ. “ಅವತ್ತು ನಾವು ತಂದಿದ್ದ ಶಾಲು ಒಂದೇ. ಅದು ಅವರಿಗೇ ಹೋಯಿತು.”